ಘಟ್ಟ ಹತ್ತಬೇಕು, ಮಳೆ ತಾಳಬೇಕು: ಹಳೆಯ ಸ್ಪೋರ್ಟ್ಸ್ ಕಾರನ್ನು ಎಲೆಕ್ಟ್ರಿಕ್ ಮಾಡಿಸುವ ಬಗೆ

ಶಿವಮೊಗ್ಗದ ಕಡೆ ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಕಡಿಮೆ. ಅವರ ಕಷ್ಟ ಮಾತ್ರ ಹೆಚ್ಚುಕಡಿಮೆ ಒಂದೇ. ಸ್ಯಾನ್ ಸ್ಟಾರ್ಮ್ ಕಾರನ್ನೇ ತೆಗೆದುಕೊಳ್ಳಿ. ಗೋವಾದಲ್ಲಿ ತಯಾರಾಗುತ್ತಿದ್ದ, ಎರಡೇ ಆಸನದ, ಬಟ್ಟೆಯ ಚಾವಣಿ ಮಡಚಿಡಬಹುದಾದ ಪುಟ್ಟ ಗಾಡಿ ಅದು. ಮೈಯೆಲ್ಲ ಫೈಬರ್‌ಗ್ಲಾಸ್, ಮುಂದೆ ರೆನೋ ಕಂಪನಿಯ 1149 ಸಿಸಿ ಪೆಟ್ರೋಲ್ ಎಂಜಿನ್, ಸುಮಾರು 60 ಅಶ್ವಶಕ್ತಿ. ತಯಾರಿಕೆ ನಿಂತು ಬಹಳ ವರ್ಷಗಳಾದವು. ಮೈಗೆ ತುಕ್ಕು ಹಿಡಿಯುವುದಿಲ್ಲ, ಆದ್ದರಿಂದ ನೋಡುವುದಕ್ಕೆ ಇಂದಿಗೂ ಚೆಂದ. ಎಂಜಿನ್ನಿನ ಒಂದು ಸೆನ್ಸರ್ ಕೆಟ್ಟರೆ ಅದೇ ಚೆಂದದ ಗಾಡಿ ಕೊಟ್ಟಿಗೆಯ ಮೂಲೆ ಸೇರುತ್ತದೆ.

ಇಂಥ ಗಾಡಿಗೆ ಎಲೆಕ್ಟ್ರಿಕ್ ಮೋಟಾರ್ ಹಾಕಿಸುವುದು ಒಳ್ಳೆಯ ದಾರಿ ಎಂದು ನಾನು ನಂಬುತ್ತೇನೆ. ಆದರೆ ಬಯಲುಸೀಮೆಯ ನೇರ ಹೆದ್ದಾರಿಗೆ ಹೊಂದುವ ಲೆಕ್ಕವನ್ನು ತಂದು ಮಲೆನಾಡಿನಲ್ಲಿ ಹಾಕಿದರೆ ಕೆಲಸ ಕೆಡುತ್ತದೆ. ಎಷ್ಟು ವೇಗ ಓಡುತ್ತದೆ, ಒಂದು ಚಾರ್ಜಿಗೆ ಎಷ್ಟು ದೂರ ಎಂದು ಕೇಳುವ ಮೊದಲು ಘಟ್ಟ ಹೇಗೆ ಹತ್ತುತ್ತದೆ, ಆರಿದ್ರಾದಿಂದ ಆಶ್ಲೇಷದವರೆಗಿನ ಮಳೆಯನ್ನು ಹೇಗೆ ತಾಳುತ್ತದೆ ಎಂದು ಕೇಳಬೇಕು. ಈ ಎರಡು ಪ್ರಶ್ನೆಗಳಿಗೆ ಸರಿಯಾದ ಉತ್ತರ ಒಂದೇ ಕಡೆಗೆ ಕರೆದೊಯ್ಯುತ್ತದೆ: ಹಗುರವಾಗಿ ಹುಟ್ಟಿದ ಗಾಡಿಯನ್ನು ಹಗುರವಾಗಿಯೇ ಉಳಿಸಿ. ಕೆಳಗಿನ ಲೆಕ್ಕಗಳನ್ನು ಸ್ಟಾರ್ಮ್‌ನಂಥ ಚಿಕ್ಕ, ಮುಂಚಕ್ರ ಚಾಲನೆಯ ಗಾಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಬೇರೆ ಗಾಡಿಯಾದರೆ ಅಂಕಿಗಳು ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ.

ಸ್ಪ್ಯಾನರ್ ಹಿಡಿಯುವ ಮೊದಲು ಕಾಗದಪತ್ರ

ಇಲ್ಲಿ ಅವಸರ ಮಾಡಿದವರು ಕೊನೆಗೆ ರಸ್ತೆಗೆ ಇಳಿಸಲಾಗದ ಗಾಡಿಯನ್ನು ಇಟ್ಟುಕೊಂಡು ಕೂರುತ್ತಾರೆ. ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿಯಲ್ಲಿರುವ ಗಾಡಿಯ ಮೂಲ ವಿವರಗಳನ್ನು ಮಾಲೀಕರು ತಮ್ಮಿಷ್ಟಕ್ಕೆ ಬದಲಾಯಿಸುವಂತಿಲ್ಲ. ಎಲೆಕ್ಟ್ರಿಕ್ ಕಿಟ್ ಅಳವಡಿಸಲು ಅವಕಾಶವಿದೆ. ಆದರೆ ಆ ಕಿಟ್ ಎಐಎಸ್-123 ಮಾನದಂಡದ ಪ್ರಕಾರ ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಪರೀಕ್ಷೆಯಾಗಿ ಅನುಮೋದನೆ ಪಡೆದಿರಬೇಕು. ಜೋಡಿಸುವವರೂ ಕಿಟ್ ತಯಾರಕರು ಅಧಿಕೃತವಾಗಿ ನೇಮಿಸಿದವರೇ ಆಗಿರಬೇಕು. ಕಿಟ್ ಯಾವ ಮಾದರಿಯ ಗಾಡಿಗಳಿಗೆ ಹೊಂದುತ್ತದೆ ಎಂಬುದು ಅನುಮೋದನೆ ಪತ್ರದಲ್ಲಿಯೇ ಇರುತ್ತದೆ. ಆ ಪತ್ರದ ಪ್ರತಿಯನ್ನು ಕೇಳಿ ಪಡೆದು, ನಿಮ್ಮ ಗಾಡಿಯ ಹೆಸರು ಅದರಲ್ಲಿದೆಯೇ ಎಂದು ಓದಿ. ಬಾಯಿಮಾತಿನ ಭರವಸೆಯ ಮೇಲೆ ಮುಂಗಡ ಕೊಡಬೇಡಿ.

ಅಪರೂಪದ ಗಾಡಿಯಾದರೆ ಹೆಸರು ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಆಗ ಕಿಟ್ ತಯಾರಕರು ನಿಮ್ಮ ಮಾದರಿಯನ್ನು ಸೇರಿಸಿ ಮತ್ತೆ ಪರೀಕ್ಷೆ ಮಾಡಿಸಬೇಕಾಗುತ್ತದೆ. ಅದಕ್ಕೆ ಹಣವೂ ಸಮಯವೂ ಬೇಕು. ಒಂದೇ ಮಾದರಿಯ ಗಾಡಿಯಿರುವ ನಾಲ್ಕಾರು ಜನ ಸೇರಿ ಕೇಳಿದರೆ ಒಪ್ಪುವ ಸಂಭವ ಹೆಚ್ಚು. ಅವರು ಒಪ್ಪದಿದ್ದರೆ ಗಾಡಿ ನಿಮ್ಮ ತೋಟದೊಳಗಿನ ಖಾಸಗಿ ರಸ್ತೆಗೆ ಮಾತ್ರ ಸೀಮಿತ. ಇದನ್ನು ಮೊದಲೇ ತಿಳಿದು ಮುಂದುವರಿಯುವುದು ಲೇಸು.

ಆರ್‌ಸಿ ಜೀವಂತವಾಗಿದೆಯೇ ನೋಡಿ. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ಗಾಡಿಯನ್ನು ತಪಾಸಣೆಗೆ ಒಪ್ಪಿಸಿ ನೋಂದಣಿ ನವೀಕರಿಸಬೇಕು. ಅವಧಿ ಮುಗಿದ ಆರ್‌ಸಿಯ ಮೇಲೆ ಮಾರ್ಪಾಡಿನ ಅರ್ಜಿ ಮುಂದೆ ಹೋಗುವುದಿಲ್ಲ. ಶಿವಮೊಗ್ಗದ ಕೆಎ-14 ಇರಲಿ, ಸಾಗರದ ಕೆಎ-15 ಇರಲಿ, ನಿಮ್ಮ ಆರ್‌ಟಿಒ ಕಚೇರಿಗೆ ಕಿಟ್‌ನ ಅನುಮೋದನೆ ಪತ್ರದೊಂದಿಗೆ ಹೋಗಿ ಮುಂಚಿತವಾಗಿ ಒಪ್ಪಿಗೆ ಪಡೆಯಿರಿ. ವಿಮಾ ಕಂಪನಿಗೂ ಆಗಲೇ ಬರೆದು ತಿಳಿಸಿ. ಕೆಲಸ ಮುಗಿದ ಮೇಲೆ ತಪಾಸಣೆಯಾಗಿ ಆರ್‌ಸಿಯಲ್ಲಿ ಇಂಧನದ ವಿವರ ಬದಲಾಗುತ್ತದೆ, ಹಸಿರು ಹಲಗೆಯ ಮೇಲೆ ಬಿಳಿ ಅಕ್ಷರದ ನಂಬರ್ ಪ್ಲೇಟ್ ಬರುತ್ತದೆ.

ನಿಮ್ಮ ಗಾಡಿಗೆ 50 ವರ್ಷ ದಾಟಿದ್ದರೆ ನನ್ನ ಸಲಹೆ ಬೇರೆ. 2021ರ ನಿಯಮದಂತೆ ಮೂಲ ರೂಪದಲ್ಲಿರುವ, ಎಂಜಿನ್, ಚಾಸಿ, ಬಾಡಿಗಳಲ್ಲಿ ದೊಡ್ಡ ಬದಲಾವಣೆಯಾಗದ ಗಾಡಿಗೆ ಮಾತ್ರ ವಿಂಟೇಜ್ ನೋಂದಣಿ ಸಿಗುತ್ತದೆ. ಮದ್ರಾಸಿನಲ್ಲಿ ತಯಾರಾದ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ನಿಮ್ಮ ಬಳಿ ಒಳ್ಳೆಯ ಸ್ಥಿತಿಯಲ್ಲಿದ್ದರೆ ದಯವಿಟ್ಟು ಅದನ್ನು ಪೆಟ್ರೋಲಿನಲ್ಲೇ ಬಿಡಿ. ಉಳಿದಿರುವುದೇ ಕೆಲವು. ಹಾಗೆಯೇ, ಎಂಜಿನ್ ಚೆನ್ನಾಗಿ ಓಡುತ್ತಿದ್ದು ಬಿಡಿಭಾಗ ಸಿಗುತ್ತಿರುವ ಗಾಡಿಯನ್ನು ಬರೀ ಹೊಸತನದ ಆಸೆಗೆ ಬಿಚ್ಚಬೇಡಿ. ಎಂಜಿನ್ ಸತ್ತ, ಮೈ ಬದುಕಿರುವ ಗಾಡಿಗೆ ಈ ಕೆಲಸ ಹೇಳಿ ಮಾಡಿಸಿದ್ದು.

ಚಾಸಿ ನೋಡಿ, ತೂಕ ಹಾಕಿಸಿ

ಫೈಬರ್ ಮೈಗೆ ತುಕ್ಕಿಲ್ಲ ನಿಜ, ಅದರ ಕೆಳಗಿನ ಉಕ್ಕಿಗೆ ಇದೆ. ಮಲೆನಾಡಿನಲ್ಲಿ ವರ್ಷಗಟ್ಟಲೆ ನಿಂತ ಗಾಡಿಯ ಚಾಸಿ ಹೊರಗಿನಿಂದ ಗಟ್ಟಿಯಾಗಿ ಕಂಡು ಒಳಗೆ ಪೊಳ್ಳಾಗಿರುತ್ತದೆ. ಗಾಡಿಯನ್ನು ಮೇಲೆತ್ತಿಸಿ, ಸಸ್ಪೆನ್ಶನ್ ಕೂರುವ ಜಾಗಗಳನ್ನೂ ಅಡ್ಡಪಟ್ಟಿಗಳನ್ನೂ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. ಸದ್ದು ಮಂದವಾದ ಕಡೆ ಕೆರೆದು ನೋಡಿ. ವೆಲ್ಡಿಂಗ್, ಪ್ರೈಮರ್, ಬಣ್ಣ ಎಲ್ಲವೂ ಬ್ಯಾಟರಿ ಬರುವ ಮೊದಲೇ ಮುಗಿಯಬೇಕು. ಬ್ಯಾಟರಿ ಇರುವ ಗಾಡಿಯ ಮೇಲೆ ವೆಲ್ಡಿಂಗ್ ಮಾಡಿಸುವುದು ಅಪಾಯ. ಪೆಟ್ರೋಲ್ ಟ್ಯಾಂಕನ್ನು ಮೊದಲು ಖಾಲಿ ಮಾಡಿ ಬಿಚ್ಚಿ ದೂರ ಇಡಿ. ಖಾಲಿ ಟ್ಯಾಂಕಿನೊಳಗಿನ ಆವಿ ತುಂಬಿದ ಟ್ಯಾಂಕಿಗಿಂತ ಬೇಗ ಸಿಡಿಯುತ್ತದೆ.

ಮುಂದಿನ ಹೆಜ್ಜೆ ತೂಕ. ಅಡಿಕೆ, ಭತ್ತದ ಲಾರಿಗಳನ್ನು ತೂಗುವ ವೇಬ್ರಿಜ್ ನಮ್ಮಲ್ಲಿ ಊರೂರಿಗೂ ಇದೆ. ಅಲ್ಲಿಗೆ ಗಾಡಿಯನ್ನು ತಂದು ಮೂರು ಸಲ ತೂಗಿಸಿ: ಇಡೀ ಗಾಡಿ, ಮುಂದಿನ ಚಕ್ರ ಮಾತ್ರ, ಹಿಂದಿನ ಚಕ್ರ ಮಾತ್ರ. ಚೀಟಿಗಳನ್ನು ಜೋಪಾನವಾಗಿಡಿ. ಎಂಜಿನ್, ರೇಡಿಯೇಟರ್, ಸೈಲೆನ್ಸರ್, ಟ್ಯಾಂಕ್ ಇಳಿಸಿದ ಮೇಲೆ ಅವುಗಳನ್ನೂ ತೂಗಿ ಬರೆದಿಡಿ. ಇಳಿದ ತೂಕಕ್ಕೂ ಏರುವ ತೂಕಕ್ಕೂ ಇರುವ ವ್ಯತ್ಯಾಸ, ಮುಂದೆ ಹಿಂದೆ ಅದು ಹಂಚಿಹೋಗುವ ರೀತಿ, ಇವೆರಡೂ ತಿರುವಿನಲ್ಲಿ ಗಾಡಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ತೀರ್ಮಾನಿಸುತ್ತವೆ. ಎರಡು ಆಸನದ ಗಾಡಿಯ ಹಿಂಬದಿಗೆ ಇಡೀ ಬ್ಯಾಟರಿಯನ್ನು ತುರುಕಿದರೆ ಮುಂಚಕ್ರಗಳು ನೆಲ ಬಿಟ್ಟಂತೆ ಆಡುತ್ತವೆ. ಮುಂಚಕ್ರ ಚಾಲನೆಯ ಗಾಡಿಯಲ್ಲಿ ಒದ್ದೆ ಏರಿನ ಮೇಲೆ ಅದು ನೇರವಾಗಿ ಜಾರುವಿಕೆಗೆ ಕಾರಣ. ಆರ್‌ಸಿಯಲ್ಲಿ ನಮೂದಾದ ಒಟ್ಟು ತೂಕದ ಮಿತಿಯನ್ನಂತೂ ಯಾವ ಕಾರಣಕ್ಕೂ ಮೀರುವಂತಿಲ್ಲ.

ಏರಿನ ಲೆಕ್ಕ

ಕಾಗದ, ಪೆನ್ನು ತೆಗೆದುಕೊಳ್ಳಿ. ಕಿಟ್ ಮಾರುವವರು ಗರಿಷ್ಠ ಶಕ್ತಿಯ ಅಂಕಿಯನ್ನು ದೊಡ್ಡದಾಗಿ ಬರೆಯುತ್ತಾರೆ. ಘಟ್ಟ ಹತ್ತುವವರಿಗೆ ಬೇಕಾದದ್ದು ಮೋಟಾರ್ ಬಿಸಿಯಾಗದೆ ಎಡೆಬಿಡದೆ ಕೊಡಬಲ್ಲ ಶಕ್ತಿ. ಗರಿಷ್ಠ ಶಕ್ತಿ ಒಂದು ನಿಮಿಷದ ಮಾತು, ಘಟ್ಟ ಹಾಗಲ್ಲ.

ಇಬ್ಬರು ಕುಳಿತ ಗಾಡಿ 1000 ಕೆಜಿ ಎಂದಿಟ್ಟುಕೊಳ್ಳಿ. ನೂರು ಮೀಟರ್ ಹೋಗುವಷ್ಟರಲ್ಲಿ ಹತ್ತು ಮೀಟರ್ ಮೇಲೇರುವ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗಬೇಕು. ಬರೀ ತೂಕವನ್ನು ಮೇಲೆತ್ತುವುದಕ್ಕೆ ಸುಮಾರು 11 ಕಿಲೋವ್ಯಾಟ್ ಬೇಕು. ಟೈರಿನ ಉಜ್ಜುವಿಕೆ, ಗಾಳಿ, ಗೇರ್‌ಬಾಕ್ಸಿನ ನಷ್ಟ ಸೇರಿಸಿದರೆ ಮೋಟಾರಿನ ಶಾಫ್ಟಿನಲ್ಲಿ 14 ಕಿಲೋವ್ಯಾಟಿನ ಹತ್ತಿರ. ಅಂದರೆ ಎಡೆಬಿಡದೆ 15 ಕಿಲೋವ್ಯಾಟ್ ಕೊಡುವ, ಹಿಂದಿಕ್ಕುವಾಗ 30-35 ಕಿಲೋವ್ಯಾಟಿಗೆ ಹೋಗಬಲ್ಲ ಮೋಟಾರ್ ಸಾಕು. ಹಳೆಯ ಎಂಜಿನ್ನಿನ 60 ಅಶ್ವಶಕ್ತಿ ಎಂದರೆ 45 ಕಿಲೋವ್ಯಾಟ್. ಅದಕ್ಕಿಂತ ಕಡಿಮೆಯಾಯಿತಲ್ಲ ಎಂದು ಬೇಸರ ಬೇಡ. ಪೆಟ್ರೋಲ್ ಎಂಜಿನ್ ಆ ಶಕ್ತಿಯನ್ನು ಕೂಗಾಡುವಷ್ಟು ಸುತ್ತಿದಾಗ ಮಾತ್ರ ಕೊಡುತ್ತದೆ, ಮೋಟಾರ್ ನಿಂತಲ್ಲಿಂದಲೇ ಎಳೆಯುತ್ತದೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಬೇಕಾಗುವುದು ಈ ಗುಣವೇ.

ಆದರೂ ಗೇರ್‌ಬಾಕ್ಸ್ ಬಿಸಾಡಬೇಡಿ. ಮೋಟಾರಿಗೆ ಗೇರ್ ಬೇಡ ಎನ್ನುವವರಿದ್ದಾರೆ. ದೊಡ್ಡ ಮೋಟಾರ್, ದೊಡ್ಡ ಬ್ಯಾಟರಿ ಇದ್ದರೆ ಆ ಮಾತು ಸರಿ. ಚಿಕ್ಕ ಮೋಟಾರ್ ನಿಧಾನವಾಗಿ ಸುತ್ತುತ್ತಾ ಭಾರ ಎಳೆದರೆ ಕರೆಂಟ್ ಏರುತ್ತದೆ, ಸುರುಳಿ ಕಾಯುತ್ತದೆ, ಮೋಟಾರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಕಂಟ್ರೋಲರ್ ತನ್ನನ್ನು ಕಾಪಾಡಿಕೊಳ್ಳಲು ಶಕ್ತಿ ಇಳಿಸುತ್ತದೆ. ಹಿಂದೆ ಬಸ್ಸು, ಮುಂದೆ ತಿರುವು ಇರುವಾಗ ಹೀಗಾಗಬಾರದು. ಎರಡನೇ ಗೇರಿನಲ್ಲಿಟ್ಟು ಮೋಟಾರನ್ನು ನಿಮಿಷಕ್ಕೆ 3000 ಸುತ್ತಿನ ಮೇಲೆ ಓಡಿಸಿದರೆ ಅದೇ ಏರನ್ನು ತಣ್ಣಗೆ ಹತ್ತುತ್ತದೆ. ಊರೊಳಗೆ ಮೂರನೇ ಗೇರಿನಲ್ಲಿ ಹೊರಟು ಅದೇ ಗೇರಿನಲ್ಲಿ ಓಡಿಸಬಹುದು, ಪದೇ ಪದೇ ಬದಲಿಸುವ ಅಗತ್ಯವಿಲ್ಲ. ಗೇರ್ ಹಿಡಿಯುವ ಸುಖವೂ ಉಳಿಯುತ್ತದೆ. ಸ್ಪೋರ್ಟ್ಸ್ ಕಾರಿನಲ್ಲಿ ಅದು ಸಣ್ಣ ವಿಷಯವಲ್ಲ.

ವೋಲ್ಟೇಜ್ ಎಷ್ಟಿರಬೇಕು ಎಂಬುದೂ ಈ ಲೆಕ್ಕದಿಂದಲೇ ಹೊರಡುತ್ತದೆ. 35 ಕಿಲೋವ್ಯಾಟ್ ಬೇಕೆಂದರೆ 72 ವೋಲ್ಟ್ ವ್ಯವಸ್ಥೆಯಲ್ಲಿ 480 ಆಂಪಿಯರಿಗೂ ಹೆಚ್ಚು ಹರಿಯಬೇಕು. 144 ವೋಲ್ಟಿನಲ್ಲಿ ಅದರ ಅರ್ಧ. ಕರೆಂಟ್ ಅರ್ಧವಾದರೆ ವೈರಿನಲ್ಲಿ ಬಿಸಿಯಾಗಿ ಹೋಗುವ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಘಟ್ಟದವರಿಗೆ 144 ವೋಲ್ಟ್ ಅಥವಾ ಅದಕ್ಕಿಂತ ಮೇಲಿನದೇ ಸರಿ.

ಬ್ಯಾಟರಿ: ದೊಡ್ಡದಲ್ಲ, ಸಾಕಾಗುವಷ್ಟು

ರಾಸಾಯನಿಕದ ವಿಷಯದಲ್ಲಿ ನನಗೆ ಎರಡನೇ ಮಾತಿಲ್ಲ: ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ. ನಿಕ್ಕಲ್ ಬಗೆಯ ಸೆಲ್‌ಗಳಿಗಿಂತ ಅದು ಸ್ವಲ್ಪ ಭಾರ, ಆದರೆ ಬಿಸಿಗೆ ಸುಲಭವಾಗಿ ಕೆರಳುವುದಿಲ್ಲ, ಬಾಳಿಕೆಯೂ ಹೆಚ್ಚು. ಎಲ್‌ಎಫ್‌ಪಿ ಸೆಲ್‌ಗಳನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು ಎಂಬ ನಿರ್ಬಂಧ ಇದೆ. ನಮ್ಮ ಮಾಗಿಯ ಚಳಿ ಅಲ್ಲಿಯವರೆಗೆ ಹೋಗುವುದಿಲ್ಲ.

ಒಂದು ಸೆಲ್ಲಿನ ಸಾಮಾನ್ಯ ವೋಲ್ಟೇಜ್ 3.2. ಇಂಥ 45 ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ 144 ವೋಲ್ಟ್. ಪ್ರತಿ ಸೆಲ್ 100 ಆಂಪಿಯರ್-ಅವರ್ ಆದರೆ ಒಟ್ಟು 14.4 ಯೂನಿಟ್, ಮೆಸ್ಕಾಂ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಸೆಲ್ ಒಂದಕ್ಕೆ ಸುಮಾರು ಎರಡು ಕೆಜಿ. ಪೆಟ್ಟಿಗೆ, ಪಟ್ಟಿ ಎಲ್ಲ ಸೇರಿ 120 ಕೆಜಿಯ ಆಸುಪಾಸು. ಪೂರ್ತಿ ಚಾರ್ಜ್ ಆದಾಗ ಸೆಲ್ಲಿಗೆ 3.65 ವೋಲ್ಟಿನಂತೆ ಒಟ್ಟು 164 ವೋಲ್ಟ್ ಆಗುತ್ತದೆ. ಆದ್ದರಿಂದ ಕಂಟ್ರೋಲರ್ 144ಕ್ಕೆ ತಕ್ಕದ್ದು ಎಂದು ಹೇಳಿದರೆ ಸಾಲದು, ಅದರ ಮೇಲಿನ ಮಿತಿ 164ಕ್ಕಿಂತ ಆರಾಮವಾಗಿ ಮೇಲಿರಬೇಕು. ಸೆಲ್ ಎಷ್ಟು ಕರೆಂಟ್ ಕೊಡಬಲ್ಲದು ಎಂಬುದನ್ನೂ ಕೇಳಿ. 35 ಕಿಲೋವ್ಯಾಟ್ ಎಳೆದಾಗ ನೂರರ ಸೆಲ್ಲಿನಿಂದ 240 ಆಂಪಿಯರ್ ಹೊರಬರಬೇಕು. ಮನೆಯ ಸೋಲಾರಿಗೆಂದು ಮಾರುವ ಅಗ್ಗದ ಸೆಲ್‌ಗಳಿಗೆ ಅಷ್ಟು ತ್ರಾಣವಿಲ್ಲ. ಏರಿನಲ್ಲಿ ಅವುಗಳ ವೋಲ್ಟೇಜ್ ಕುಸಿದು ಗಾಡಿ ಸೊರಗುತ್ತದೆ.

ದೂರದ ಲೆಕ್ಕ: ಹಗುರ ಗಾಡಿ ಕಿಲೋಮೀಟರಿಗೆ ಸುಮಾರು 0.12 ಯೂನಿಟ್ ತಿನ್ನುತ್ತದೆ. ಬ್ಯಾಟರಿಯ ಶೇ 85ರಷ್ಟನ್ನು ಮಾತ್ರ ಬಳಸುವುದಾದರೆ 12 ಯೂನಿಟ್, ಅಂದರೆ 100 ಕಿ.ಮೀ. ಅದರ ಮೇಲೆ ಏರಿನ ತೆರಿಗೆ: ಒಂದು ಟನ್ ಗಾಡಿ ಪ್ರತಿ 100 ಮೀಟರ್ ಎತ್ತರಕ್ಕೆ 0.27 ಯೂನಿಟ್ ಕೇಳುತ್ತದೆ, ನಷ್ಟ ಸೇರಿಸಿದರೆ 0.3ರ ಮೇಲೆ. ಘಟ್ಟದ ಕೆಳಗಿನಿಂದ 500 ಮೀಟರ್ ಮೇಲೇರಿದರೆ ಒಂದೂವರೆ ಯೂನಿಟ್ ಹೆಚ್ಚು ಖರ್ಚು, ಸಪಾಟು ರಸ್ತೆಯ 13 ಕಿ.ಮೀ.ಗೆ ಸಮ. ಭಯಪಡುವಂಥದ್ದೇನಲ್ಲ, ಆದರೆ ಲೆಕ್ಕದಲ್ಲಿ ಇರಬೇಕು.

ಇದನ್ನು ಊರುಗಳ ಮೇಲೆ ಇಟ್ಟು ನೋಡಿ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗಿ ಬರುವುದು ಲೆಕ್ಕಕ್ಕೇ ಇಲ್ಲ. ಸಾಗರ 70 ಕಿ.ಮೀ. ಚಿಲ್ಲರೆ; ನಿಶ್ಚಿಂತೆಯಿಂದ ತಲುಪಬಹುದು, ಮರಳುವ ಮೊದಲು ಚಾರ್ಜ್ ಬೇಕು. ತೀರ್ಥಹಳ್ಳಿ ದಾಟಿ ಆಗುಂಬೆಗೆ ಹೋಗುವುದಾದರೆ ತೀರ್ಥಹಳ್ಳಿಯಲ್ಲಿ ಊಟದ ಹೊತ್ತಿಗೆ ಒಂದೆರಡು ಗಂಟೆ ಚಾರ್ಜಿಗೆ ಹಾಕಿ. ಅಷ್ಟು ಸಾಲದು, 25 ಯೂನಿಟ್ ಬೇಕು ಎನ್ನುವವರಿಗೆ ಒಂದು ಮಾತು: ಹೆಚ್ಚಿಸುವ ಪ್ರತಿ ಐದು ಯೂನಿಟಿಗೆ 40 ಕೆಜಿ ಏರುತ್ತದೆ. ಆ ಭಾರಕ್ಕೆ ಸ್ಪ್ರಿಂಗ್ ಬದಲಿಸಬೇಕು, ಬ್ರೇಕ್ ಬದಲಿಸಬೇಕು, ಆಮೇಲೆ ಉಳಿಯುವುದು ಸ್ಪೋರ್ಟ್ಸ್ ಕಾರಿನ ಆಕಾರ ಮಾತ್ರ. ಬೆಂಗಳೂರಿಗೆ ರೈಲಿದೆ, ಈ ಗಾಡಿ ಭಾನುವಾರದ ಬೆಳಗಿನ ಮಲೆನಾಡ ರಸ್ತೆಗೆ ಇರಲಿ.

ಪೆಟ್ಟಿಗೆಯನ್ನು ಚಾಸಿಗೆ ಬೋಲ್ಟ್ ಮಾಡಿಸಿ, ಫೈಬರ್ ನೆಲಕ್ಕಲ್ಲ. ಅಪಘಾತದ ಹೊಡೆತದಲ್ಲಿ ಬ್ಯಾಟರಿ ತನ್ನ ತೂಕದ 20 ಪಟ್ಟು ಬಲದಿಂದ ಮುಂದಕ್ಕೆ ನುಗ್ಗಬಹುದು. 120 ಕೆಜಿಗೆ ಅದು 2400 ಕೆಜಿಯ ಹೊಡೆತ. ನಿಮ್ಮ ಬೆನ್ನಿನ ಹಿಂದೆ ಪೆಟ್ಟಿಗೆ ಇದ್ದರೆ ಈ ಅಂಕಿಯನ್ನು ನೆನಪಿಟ್ಟುಕೊಂಡೇ ಬೋಲ್ಟ್ ಆರಿಸಬೇಕು. ಮುಂದಿನ, ಹಿಂದಿನ ಚಕ್ರದ ತೂಕದ ಚೀಟಿ ನೋಡಿ ಸೆಲ್‌ಗಳನ್ನು ಎರಡು ಪೆಟ್ಟಿಗೆಗಳಲ್ಲಿ ಹಂಚಿ: ಒಂದು ಮೋಟಾರಿನ ಮೇಲೆ, ಇನ್ನೊಂದು ಪೆಟ್ರೋಲ್ ಟ್ಯಾಂಕ್ ಇದ್ದ ಜಾಗದಲ್ಲಿ.

ಮೋಟಾರನ್ನು ಗೇರ್‌ಬಾಕ್ಸಿಗೆ ಕೂರಿಸುವುದು

ಮೋಟಾರಿಗೂ ಗೇರ್‌ಬಾಕ್ಸಿಗೂ ನಡುವೆ ಒಂದು ಅಡಾಪ್ಟರ್ ಪ್ಲೇಟ್, ಶಾಫ್ಟುಗಳ ನಡುವೆ ಒಂದು ಕಪ್ಲರ್ ಬೇಕು. ಕಿಟ್‌ನೊಂದಿಗೆ ಬಂದರೆ ಒಳ್ಳೆಯದು. ಮಾಡಿಸಬೇಕಾದರೆ ದೂರ ಹೋಗಬೇಕಿಲ್ಲ. ಫೌಂಡ್ರಿ, ಮಷಿನಿಂಗ್ ಕೆಲಸಕ್ಕೆ ಶಿವಮೊಗ್ಗ ಹೆಸರಾದ ಊರು. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಕಡೆ ಸಿಎನ್‌ಸಿ ಯಂತ್ರಗಳ ಮೇಲೆ ಪಳಗಿದ ಕೈಗಳಿವೆ. ಎಂಜಿನ್ ಬಿಚ್ಚುವಾಗಲೇ ಬೆಲ್ ಹೌಸಿಂಗಿನ (ಗೇರ್‌ಬಾಕ್ಸು ಎಂಜಿನ್ನಿಗೆ ಸೇರುವ ಕಡೆಯ ಗಂಟೆಯಾಕಾರದ ಕವಚ) ತೂತುಗಳ ಅಳತೆಯನ್ನೂ, ಫ್ಲೈವ್ಹೀಲ್ ಮುಖದಿಂದ ಹೌಸಿಂಗ್ ಅಂಚಿನವರೆಗಿನ ಆಳವನ್ನೂ ತೆಗೆದುಕೊಳ್ಳಿ. ಆ ಆಳವನ್ನು ಬರೆದಿಡದೆ ಎಂಜಿನ್ ಕಳಿಸಿಬಿಟ್ಟರೆ ಮತ್ತೆ ಸಿಗುವುದಿಲ್ಲ.

ಎರಡು ಶಾಫ್ಟುಗಳ ನಡುಬಿಂದು ಒಂದೇ ಗೆರೆಯಲ್ಲಿರಬೇಕು. ಡಯಲ್ ಗೇಜ್ ಇಟ್ಟು ಸುತ್ತಿಸಿದಾಗ ಮುಳ್ಳು 0.1 ಮಿ.ಮೀ.ಗಿಂತ ಹೆಚ್ಚು ಅಲುಗಬಾರದು. ಕಣ್ಣಂದಾಜು ನಡೆಯುವುದಿಲ್ಲ, ಸ್ವಲ್ಪ ಓರೆಯಾದರೂ ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ಬೇಗ ಸವೆಯುತ್ತದೆ. ಕ್ಲಚ್ ಇರಬೇಕೇ ಎಂದರೆ, ಘಟ್ಟದಲ್ಲಿ ಗೇರ್ ಬದಲಿಸುವ ನಮಗೆ ಇರಲಿ ಎನ್ನುತ್ತೇನೆ. ನಿಲ್ಲುವಾಗ ಕ್ಲಚ್ ಒತ್ತುವ ಅಗತ್ಯ ಮಾತ್ರ ಇಲ್ಲ, ಮೋಟಾರ್ ನಿಂತುಕೊಂಡರೆ ಆಫ್ ಆಗುವ ಭಯವಿಲ್ಲ. ಗೇರ್‌ಬಾಕ್ಸ್ ಬಿಚ್ಚಿ ಕೆಳಗಿಳಿಸಿರುವಾಗಲೇ ಆಯಿಲ್ ಸೀಲ್, ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಡ್ರೈವ್ ಶಾಫ್ಟಿನ ಬೂಟುಗಳನ್ನು ಹೊಸದಾಗಿ ಹಾಕಿಸಿ.

ವೈರಿಂಗ್: ನಿಮ್ಮ ಊರಿನ ಎಲೆಕ್ಟ್ರೀಷಿಯನ್ ಕೆಲಸ ಅಲ್ಲ

60 ವೋಲ್ಟಿಗಿಂತ ಮೇಲಿನ ಡಿಸಿ ಮನುಷ್ಯನ ಜೀವಕ್ಕೆ ಅಪಾಯ, ಇಲ್ಲಿರುವುದು 144. ಮನೆಯ ವೈರಿಂಗಿನಲ್ಲಿ ಎಷ್ಟೇ ಅನುಭವವಿದ್ದರೂ ಇದು ಬೇರೆ ವಿದ್ಯೆ. ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಕಿಡಿ ತಾನಾಗಿ ಆರುತ್ತದೆ. ಡಿಸಿ ಕಿಡಿ ಆರುವುದಿಲ್ಲ, ತಂತಿ ಕರಗುವವರೆಗೂ ಉರಿಯುತ್ತದೆ. ಅದಕ್ಕಾಗಿಯೇ ಫ್ಯೂಸ್, ಕಾಂಟ್ಯಾಕ್ಟರ್ (ಬ್ಯಾಟರಿಯ ಕರೆಂಟನ್ನು ಜೋಡಿಸುವ, ಕಡಿಯುವ ದೊಡ್ಡ ರಿಲೇ), ಸ್ವಿಚ್ ಎಲ್ಲವೂ ಡಿಸಿಗೆಂದೇ ತಯಾರಾದವಾಗಿರಬೇಕು, ಅದೂ 164 ವೋಲ್ಟಿಗಿಂತ ಮೇಲಿನ ಮಿತಿಯವು. ಅಂಗಡಿಯ ಎಂಸಿಬಿ ಇಲ್ಲಿಗೆ ಬೇಡವೇ ಬೇಡ.

ಅಧಿಕೃತ ಜೋಡಣೆಗಾರರೇ ಈ ಕೆಲಸ ಮಾಡಿದರೂ ಮಾಲೀಕರಾಗಿ ನೀವು ನಿಂತು ನೋಡಬೇಕಾದ ಅಂಶಗಳಿವೆ. ಬ್ಯಾಟರಿಯ ಪೆಟ್ಟಿಗೆಗೆ ಅಂಟಿಕೊಂಡಂತೆಯೇ ಮುಖ್ಯ ಫ್ಯೂಸ್ ಇರಬೇಕು. ಕಾಂಟ್ಯಾಕ್ಟರ್ ಮುಚ್ಚುವ ಮೊದಲು ಕಂಟ್ರೋಲರಿನ ಕೆಪಾಸಿಟರುಗಳನ್ನು ಮೆಲ್ಲಗೆ ತುಂಬುವ ಪ್ರಿಚಾರ್ಜ್ ರೆಸಿಸ್ಟರ್ ಇರಬೇಕು, ಇಲ್ಲದಿದ್ದರೆ ಕಾಂಟ್ಯಾಕ್ಟರಿನ ತುದಿಗಳು ಬೆಸೆದುಕೊಂಡು ಬಿಡುತ್ತವೆ. ಡಿಕ್ಕಿಯಾದರೆ ತಾನಾಗಿ ಸಂಪರ್ಕ ಕಡಿಯುವ ಇನರ್ಷಿಯಾ ಸ್ವಿಚ್, ರಿಪೇರಿಯವರು ಕೈಯಿಂದ ಎಳೆದು ತೆಗೆಯುವ ಸರ್ವಿಸ್ ಪ್ಲಗ್, ಡ್ಯಾಶ್‌ಬೋರ್ಡಿನಲ್ಲಿ ಕೈಗೆಟುಕುವ ಕೆಂಪು ಗುಂಡಿ, ಈ ಮೂರೂ ಇರಲಿ. ಮುಖ್ಯ ಕೇಬಲ್ಲುಗಳು ಕಿತ್ತಳೆ ಬಣ್ಣದವಾಗಿರಬೇಕು. ಪ್ರತಿ ಸೆಲ್ಲಿನ ವೋಲ್ಟೇಜನ್ನು ಬಿಎಂಎಸ್, ಅಂದರೆ ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ, ನೋಡಬೇಕು. ಒಂದೇ ಒಂದು ಸೆಲ್ ಮಿತಿ ದಾಟಿದರೂ ಚಾರ್ಜಿಂಗನ್ನು ನಿಲ್ಲಿಸುವ ಅಧಿಕಾರ ಅದಕ್ಕಿರಬೇಕು. ಬರೀ ಮೊಬೈಲಿಗೆ ಎಚ್ಚರಿಕೆ ಕಳಿಸುವ ಬಿಎಂಎಸ್ ಅರ್ಧ ಕೆಲಸದ್ದು.

ಎಲ್ಲಕ್ಕಿಂತ ಮುಖ್ಯ: ಬ್ಯಾಟರಿಯ ಪಾಸಿಟಿವ್ ಆಗಲಿ ನೆಗೆಟಿವ್ ಆಗಲಿ ಗಾಡಿಯ ಚಾಸಿಗೆ ತಾಗಿರಬಾರದು. 12 ವೋಲ್ಟಿನ ದೀಪ, ಹಾರನ್, ವೈಪರ್ ಎಂದಿನಂತೆ ಚಾಸಿಯನ್ನೇ ನೆಗೆಟಿವ್ ಮಾಡಿಕೊಂಡಿರುತ್ತವೆ. ಅವುಗಳಿಗೆ ಕರೆಂಟ್ ಕೊಡುವ ಡಿಸಿ-ಡಿಸಿ ಕನ್ವರ್ಟರ್ ಎರಡೂ ಬದಿಗಳನ್ನು ಒಳಗೆ ಬೇರ್ಪಡಿಸಿರುವ ಬಗೆಯದಾಗಿರಬೇಕು. ಕೆಲಸ ಮುಗಿದ ಮೇಲೆ ಮೆಗ್ಗರ್ ಇಡಿಸಿ; ಬ್ಯಾಟರಿಯ ವೈರಿಗೂ ಚಾಸಿಗೂ ನಡುವಿನ ತಡೆಯನ್ನು ಅಳೆದು ಕರೆಂಟ್ ಸೋರುತ್ತಿದೆಯೇ ಎಂದು ತೋರಿಸುವ ಉಪಕರಣ ಅದು. ವೋಲ್ಟಿಗೆ 500 ಓಮ್ ಎಂಬುದು ಕನಿಷ್ಠ ಮಟ್ಟ. 144 ವೋಲ್ಟಿಗೆ 72 ಸಾವಿರ ಓಮ್ ಆಯಿತು. ಒಣಗಿದ, ಚೊಕ್ಕ ಕೆಲಸ ಅದಕ್ಕಿಂತ ಎಷ್ಟೋ ಮೇಲೆ, ಮೆಗಾ ಓಮುಗಳಲ್ಲಿ ತೋರಿಸುತ್ತದೆ. ಆ ಅಂಕಿಯನ್ನು ದಿನಾಂಕದೊಂದಿಗೆ ಬರೆದಿಡಿ, ಮುಂದೆ ಬೇಕಾಗುತ್ತದೆ.

ಎಂಜಿನ್ ಹೋದಾಗ ಜೊತೆಗೆ ಹೋಗುವುದು

ಬ್ರೇಕ್ ಬೂಸ್ಟರಿಗೆ ನಿರ್ವಾತ ಕೊಡುತ್ತಿದ್ದುದು ಎಂಜಿನ್. ಅದು ಹೋದ ಮೇಲೆ 12 ವೋಲ್ಟಿನ ನಿರ್ವಾತ ಪಂಪು, ಒಂದು ಸಣ್ಣ ಸಂಗ್ರಹ ಡಬ್ಬಿ, ಒತ್ತಡ ನೋಡಿ ಪಂಪನ್ನು ಓಡಿಸುವ ಸ್ವಿಚ್ ಬೇಕು. ಪಂಪು ಕೆಟ್ಟರೂ ಎರಡು ಮೂರು ಸಲ ಗಟ್ಟಿಯಾಗಿ ಬ್ರೇಕ್ ಹಿಡಿಯುವಷ್ಟು ನಿರ್ವಾತ ಡಬ್ಬಿಯಲ್ಲಿ ಉಳಿಯಬೇಕು, ಎಚ್ಚರಿಕೆ ದೀಪವೂ ಹತ್ತಬೇಕು.

ಇಳಿಜಾರಿನಲ್ಲಿ ಎಂಜಿನ್ ಗಾಡಿಯನ್ನು ಹಿಡಿದು ನಿಲ್ಲಿಸುತ್ತಿತ್ತು. ಮೋಟಾರೂ ಹಿಡಿಯುತ್ತದೆ, ಹಿಡಿದು ಬ್ಯಾಟರಿಯನ್ನೂ ತುಂಬುತ್ತದೆ. ಆದರೆ ಬ್ಯಾಟರಿ ಪೂರ್ತಿ ತುಂಬಿದ್ದರೆ ಬಿಎಂಎಸ್ ಆ ಕರೆಂಟನ್ನು ಒಪ್ಪುವುದಿಲ್ಲ, ಹಿಡಿತ ಇದ್ದಕ್ಕಿದ್ದಂತೆ ಕೈಬಿಡುತ್ತದೆ. ಆಗುಂಬೆಯಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಿ ಸೋಮೇಶ್ವರದ ಕಡೆ ಇಳಿಯುವುದು ತಪ್ಪು. ಘಟ್ಟದ ತಲೆಯಲ್ಲಿ ಶೇ 85ಕ್ಕೆ ನಿಲ್ಲಿಸಿ. ಬ್ರೇಕ್ ಪ್ಯಾಡು, ದ್ರವ, ರಬ್ಬರ್ ಪೈಪುಗಳನ್ನು ಮಾತ್ರ ಮೋಟಾರಿನ ಹಿಡಿತ ಇಲ್ಲವೆಂದೇ ಭಾವಿಸಿ ಹೊಸದಾಗಿ ಹಾಕಿಸಿ. ಮುಂಚಕ್ರ ಚಾಲನೆಯ ಹಗುರ ಗಾಡಿಯಲ್ಲಿ ಈ ಹಿಡಿತ ಬಿರುಸಾಗಿದ್ದರೆ ಒದ್ದೆ ತಿರುವಿನಲ್ಲಿ ಮುಂದಿನ ಟೈರು ಜಾರುತ್ತದೆ. ಮಳೆಗಾಲಕ್ಕೆಂದು ಕಂಟ್ರೋಲರಿನಲ್ಲಿ ಕಡಿಮೆ ಹಿಡಿತದ ಇನ್ನೊಂದು ಹೊಂದಾಣಿಕೆ ಮಾಡಿಸಿಟ್ಟುಕೊಳ್ಳಿ.

ಇನ್ನೊಂದು ವಿಷಯವನ್ನು ಬಯಲುಸೀಮೆಯ ಜೋಡಣೆಗಾರರು ನೆನಪಿಸುವುದಿಲ್ಲ: ಗಾಜಿನ ಮೇಲಿನ ಮಂಜು. ಎಂಜಿನ್ನಿನ ಬಿಸಿನೀರಿನಿಂದ ನಡೆಯುತ್ತಿದ್ದ ಹೀಟರ್ ಈಗ ತಣ್ಣಗೆ. ಬಟ್ಟೆ ಚಾವಣಿಯ ಗಾಡಿಯಲ್ಲಿ ಇಬ್ಬರು ಕುಳಿತು ಜೋರು ಮಳೆಯಲ್ಲಿ ಹೊರಟರೆ ಕೆಲವೇ ನಿಮಿಷದಲ್ಲಿ ಮುಂದಿನದೇನೂ ಕಾಣುವುದಿಲ್ಲ. ಹಳೆಯ ಹೀಟರ್ ಪೆಟ್ಟಿಗೆಯೊಳಗೆ ಒಂದು ಕಿಲೋವ್ಯಾಟಿನ ಸೆರಾಮಿಕ್ ಹೀಟರ್ ಅಂಶವನ್ನು, ಅದರದೇ ಫ್ಯೂಸ್ ಮತ್ತು ಬಿಸಿ ಮೀರಿದರೆ ಕಡಿಯುವ ಸ್ವಿಚ್ಚಿನೊಂದಿಗೆ ಹಾಕಿಸಿ. ಗಂಟೆಗೆ ಒಂದು ಯೂನಿಟ್ ಹೋಗುತ್ತದೆ. ಮಳೆಗಾಲದ ದೂರದ ಲೆಕ್ಕದಲ್ಲಿ ಅದನ್ನೂ ಸೇರಿಸಿ.

ಮಳೆ ಮತ್ತು ಇಲಿ

ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಬೀಳುವ ಆಗುಂಬೆಯ ಸೀಮೆಯಲ್ಲಿ ಮೇಲಿನಿಂದ ಬೀಳುವ ನೀರಿಗಿಂತ ಗಾಳಿಯಲ್ಲಿನ ತೇವವೇ ದೊಡ್ಡ ಶತ್ರು. ಪೆಟ್ಟಿಗೆಯನ್ನು ಎಷ್ಟೇ ಬಿಗಿಯಾಗಿ ಮುಚ್ಚಿದರೂ ಹಗಲು ಬಿಸಿಯಾಗಿ ರಾತ್ರಿ ತಣಿಯುವಾಗ ಅದು ಉಸಿರಾಡುತ್ತದೆ, ಉಸಿರಿನ ಜೊತೆ ಬಂದ ತೇವ ಒಳಗೆ ಹನಿಯಾಗುತ್ತದೆ. ನೀರನ್ನು ತಡೆದು ಗಾಳಿಯನ್ನು ಮಾತ್ರ ಬಿಡುವ ಬ್ರೀದರ್ ವಾಲ್ವ್ ಹಾಕಿಸಿ, ಒಳಗೆ ಸಿಲಿಕಾ ಜೆಲ್ ಚೀಲ ಇಡಿ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬದಲಿಸಿ. ಕನೆಕ್ಟರುಗಳು ದೂಳು, ನೀರು ಒಳಹೋಗದ ಐಪಿ67 ದರ್ಜೆಯವಾಗಿರಲಿ. ಕೇಬಲ್ ಪೆಟ್ಟಿಗೆಯೊಳಗೆ ಹೋಗುವ ಮುನ್ನ ಒಮ್ಮೆ ಕೆಳಗೆ ಬಾಗಿ ಮೇಲೇರಲಿ, ಹರಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಸ್ಪೋರ್ಟ್ಸ್ ಕಾರು ನೆಲಕ್ಕೆ ಹತ್ತಿರ, ಆದ್ದರಿಂದ ಹಳ್ಳ ಉಕ್ಕಿದ ರಸ್ತೆಯಲ್ಲಿ ಸಾಹಸ ಬೇಡ.

ಅಡಿಕೆ, ಹುಲ್ಲು ತುಂಬಿದ ಮನೆಗಳಲ್ಲಿ ಇಲಿ ಇದ್ದೇ ಇರುತ್ತದೆ. ಬಿಎಂಎಸ್‌ನ ಎಳೆಯಂಥ ವೈರುಗಳನ್ನು ಅದು ಕಡಿದರೆ ಎರಡು ಸೆಲ್ಲುಗಳ ನಡುವೆ ಶಾರ್ಟ್ ಆಗಬಹುದು. ಸಣ್ಣ ವೈರುಗಳಿಗೂ ಪ್ರತ್ಯೇಕ ಫ್ಯೂಸ್, ಸುತ್ತ ಲೋಹದ ಕೊಳವೆ, ಪೆಟ್ಟಿಗೆಯ ಗಾಳಿಕಿಂಡಿಗಳಿಗೆ ಸ್ಟೀಲ್ ಜಾಲರಿ ಹಾಕಿಸಿ.

ಮನೆಯಲ್ಲಿ ಚಾರ್ಜಿಂಗ್

3.3 ಕಿಲೋವ್ಯಾಟಿನ ಚಾರ್ಜರ್ ಸುಮಾರು 15 ಆಂಪಿಯರನ್ನು ಐದು ಗಂಟೆ ಬಿಡದೆ ಎಳೆಯುತ್ತದೆ. ಗೀಸರ್ ಹತ್ತು ನಿಮಿಷ ಓಡುವ ಸಾಕೆಟ್ಟಿಗೆ ಇದನ್ನು ಹಾಕಿದರೆ ಪ್ಲಗ್ ಕರಗುತ್ತದೆ. ಮೀಟರ್ ಬೋರ್ಡಿನಿಂದ ನೇರವಾಗಿ 4 ಚದರ ಮಿ.ಮೀ. ತಾಮ್ರದ ವೈರ್ ಎಳೆಸಿ, ನೀಲಿ ಬಣ್ಣದ ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಿ, ಕರೆಂಟ್ ಸೋರಿದರೆ ತಾನಾಗಿ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲಿ. ಮನೆಗೆ ಮಂಜೂರಾದ ಲೋಡ್ ಸಾಲದಿದ್ದರೆ ಮೆಸ್ಕಾಂ ಕಚೇರಿಯಲ್ಲಿ ಹೆಚ್ಚಿಸಿಕೊಳ್ಳಿ. ಹಳ್ಳಿಯ ಲೈನಿನ ಕೊನೆಯ ಮನೆಯಾದರೆ ಸಂಜೆ ವೋಲ್ಟೇಜ್ 180ಕ್ಕೆ ಇಳಿಯುವುದು ಹೊಸತಲ್ಲ. ಚಾರ್ಜರಿನ ಕರೆಂಟನ್ನು 10 ಆಂಪಿಯರಿಗೆ ಇಳಿಸಿ ರಾತ್ರಿ ಹನ್ನೊಂದರ ಮೇಲೆ ಹಾಕಿ.

ಅರ್ಥಿಂಗ್ ಗುಂಡಿಯನ್ನು ನಿರ್ಲಕ್ಷಿಸಬೇಡಿ. ಜಂಬಿಟ್ಟಿಗೆ ನೆಲ ಬೇಸಗೆಯಲ್ಲಿ ಒಣಗಿದಾಗ ಅರ್ಥಿಂಗ್ ಹೆಸರಿಗೆ ಮಾತ್ರ ಇರುತ್ತದೆ. ಮಾರ್ಚಿನಿಂದ ಮಳೆ ಹಿಡಿಯುವವರೆಗೆ ವಾರಕ್ಕೊಮ್ಮೆ ನೀರು ಹೊಯ್ಯಿರಿ. ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲಿನ ಕಾಲಕ್ಕೆ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಇರಬೇಕು. ಮೋಡ ಕಟ್ಟಿದಾಗ ಪ್ಲಗ್ ಕಿತ್ತಿಡುವುದು ಅದಕ್ಕಿಂತಲೂ ಭದ್ರ.

ಓಡಿಸಿ ನೋಡುವ ಕ್ರಮ

ಮೊದಲು ಮುಂಚಕ್ರಗಳನ್ನು ಸ್ಟ್ಯಾಂಡಿನ ಮೇಲೆತ್ತಿ, ಪ್ರತಿ ಗೇರಿನಲ್ಲೂ ನಿಧಾನವಾಗಿ ಸುತ್ತಿಸಿ ಸದ್ದು ಕೇಳಿ. ಎಂಜಿನ್ನಿನ ಗದ್ದಲ ಇಲ್ಲದ್ದರಿಂದ ಬೇರಿಂಗಿನ ಸಣ್ಣ ದೂರೂ ಕಿವಿಗೆ ಬೀಳುತ್ತದೆ. ನಂತರ ಅಂಗಳದಲ್ಲಿ ಹಿಂದೆ ಮುಂದೆ. ವೇಬ್ರಿಜ್ಜಿಗೆ ಮತ್ತೆ ಕೊಂಡೊಯ್ದು ಮೂರೂ ತೂಕಗಳನ್ನು ಹಳೆಯ ಚೀಟಿಯೊಂದಿಗೆ ಹೋಲಿಸಿ, ಅಗತ್ಯವಿದ್ದರೆ ಸ್ಪ್ರಿಂಗ್, ಅಲೈನ್‌ಮೆಂಟ್ ಸರಿಪಡಿಸಿ. ಹೊಸ ಆರ್‌ಸಿ, ವಿಮೆ, ನಂಬರ್ ಪ್ಲೇಟ್ ಕೈಗೆ ಬಂದ ಮೇಲೆ ಊರ ಸುತ್ತಿನ ಸಪಾಟು ರಸ್ತೆ, ಆಮೇಲೆ ತೀರ್ಥಹಳ್ಳಿಯ ದಾರಿ, ಎಲ್ಲಕ್ಕೂ ಕೊನೆಗೆ ಘಟ್ಟ. ಮೊದಲ ಸಲ ಘಟ್ಟ ಹತ್ತುವಾಗ ಮೋಟಾರ್, ಕಂಟ್ರೋಲರ್, ಬ್ಯಾಟರಿ ಮೂರರ ತಾಪವನ್ನೂ ಪಕ್ಕದಲ್ಲಿ ಕುಳಿತವರು ಬರೆದುಕೊಳ್ಳಲಿ. ತಿರುವುಗಳಲ್ಲಿ ಹಾರನ್ ಮರೆಯಬೇಡಿ. ದನಕರುಗಳಿಗೂ ನಡೆದು ಹೋಗುವವರಿಗೂ ಈ ಗಾಡಿ ಬರುವುದು ಕೇಳಿಸುವುದಿಲ್ಲ.

ಮೊದಲ 500 ಕಿ.ಮೀ. ಆದ ಮೇಲೆ ಕೇಬಲ್ ಲಗ್ಗುಗಳ (ಕೇಬಲ್ ತುದಿಯ ಲೋಹದ ಉಂಗುರಗಳು) ಬಿಗಿತವನ್ನು ಟಾರ್ಕ್ ಸ್ಪ್ಯಾನರಿನಲ್ಲಿ ನೋಡಿಸಿ. ಸಡಿಲವಾದ ಲಗ್ಗು ಕಾದು ಬೆಂಕಿಗೆ ಕಾರಣವಾಗಬಹುದು. ಆಮೇಲೆ ವರ್ಷಕ್ಕೊಮ್ಮೆ ಸಾಕು. ಮಳೆ ಹಿಂದೆ ಸರಿದು ಆಯುಧಪೂಜೆಗೆ ಗಾಡಿ ತೊಳೆಯುವ ಹೊತ್ತು ಅದಕ್ಕೆ ಅನುಕೂಲ: ಪ್ರೆಶರ್ ಪಂಪಿನ ನೀರನ್ನು ಕಿತ್ತಳೆ ಕೇಬಲ್ ಮತ್ತು ಕನೆಕ್ಟರುಗಳ ಕಡೆ ಬಿಡದೆ ಕೈಯಿಂದ ಒರೆಸಿ, ಎರಡು ದಿನ ಒಣಗಲು ಬಿಟ್ಟು, ಪರಿಣತರಿಂದ ಮತ್ತೆ ಮೆಗ್ಗರ್ ಇಡಿಸಿ, ಬರೆದಿಟ್ಟ ಹಳೆಯ ಅಂಕಿಯ ಪಕ್ಕದಲ್ಲಿ ಹೊಸದನ್ನು ಬರೆಯಿರಿ. ಅಂಕಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಎಲ್ಲೋ ತೇವ ಸೇರುತ್ತಿದೆ. ಅದನ್ನು ಹುಡುಕಿ ಸರಿಪಡಿಸುವವರೆಗೆ ಗಾಡಿಯನ್ನು ಚಾರ್ಜಿಗೆ ಹಾಕಬೇಡಿ.